ಅರ್ಧ ಬೋಳಿಸಿದ ಗಡ್ಡ ಮತ್ತು ವಾಯುಪಡೆಯ ನಿಯಮ: ಬಲ್ಲವರು ಹೇಳಿ

ಉದಗೀರ ರಸ್ತೆಯ ಕತ್ತರಿ, ಬೀದರ್

ಎಲ್ಲರಿಗೂ ನಮಸ್ಕಾರ. ನಾನು ಮೂವತ್ತೊಂದು ವರ್ಷದಿಂದ ಕ್ಷೌರದ ಅಂಗಡಿ ನಡೆಸುತ್ತಿರುವವನು. ಕಾನೂನು ಗೊತ್ತಿಲ್ಲ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನಿನ್ನೆ ಮಂಗಳವಾರ, ಅಂಗಡಿಗೆ ರಜೆ. ಮಧ್ಯಾಹ್ನ ನಮ್ಮ ಓಣಿಯ ಹುಡುಗನೊಬ್ಬ ಮನೆಗೇ ಬಂದು ಕರೆದ. ಹತ್ತೊಂಬತ್ತು ವರ್ಷದವನು. ಮುಸ್ಲಿಮರ ಮನೆಯ ಮಗ, ಅಖೀಖಾ ಎಂಬ ಶಾಸ್ತ್ರದ ದಿನ ಅವನ ಮೊದಲ ಕೂದಲು ತೆಗೆದವನೂ ನಾನೇ. ವಾಯುಪಡೆಯಲ್ಲಿ ನಾಲ್ಕು ವರ್ಷದ ಸೇವೆಗೆ, ಅಗ್ನಿವೀರನಾಗಿ ಆಯ್ಕೆಯಾಗಿದ್ದಾನೆ, ಗುರುವಾರ ರಾತ್ರಿ ಬೆಳಗಾವಿಗೆ ಹೊರಡಬೇಕು. ಮೂರು ವರ್ಷದಿಂದ ಗಡ್ಡ ಬಿಟ್ಟಿದ್ದಾನೆ. ಶಟರ್ ಅರ್ಧ ಎತ್ತಿ ಕುರ್ಚಿಯ ಮೇಲೆ ಕೂಡಿಸಿದೆ. "ಕಾಕಾ, ಪೂರ್ತಿ ತೆಗೆದುಬಿಡಿ" ಎಂದ.

ಮೊದಲು ಮಷಿನ್ ಹಿಡಿದೆ, ಆಮೇಲೆ ನೊರೆ ಹಚ್ಚಿ ಹೊಸ ಬ್ಲೇಡು ಮುರಿದು ಹಾಕಿದೆ. ಬಲಗೆನ್ನೆ ಮುಗಿಯಿತು. ಎಡಗೆನ್ನೆಗೆ ಬರುವ ಹೊತ್ತಿಗೆ ಮೇಲೆ ತರಬೇತಿ ವಿಮಾನ ಹಾದುಹೋಯಿತು. ನಮ್ಮ ಊರಿನಲ್ಲಿ ಇದು ದಿನವೂ ಇರುವುದೇ, ಕನ್ನಡಿ ಸಣ್ಣಗೆ ನಡುಗುತ್ತದೆ. ಹುಡುಗ ಕೈ ಎತ್ತಿ ನನ್ನನ್ನು ತಡೆದ. ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಂಡು, "ಕಾಕಾ, ನಾನಕ ಝೀರಾ ಗುರುದ್ವಾರದ ಹತ್ತಿರದ ಸರ್ದಾರ್‌ಜಿಯವರ ಮಗನೂ ಇದೇ ವಾಯುಪಡೆಯಲ್ಲಿದ್ದಾನಲ್ಲ, ಅವನ ಗಡ್ಡವನ್ನು ಯಾರೂ ತೆಗೆಸಲಿಲ್ಲ. ನನಗೇಕೆ?" ಎಂದು ಕೇಳಿದ.

ನನ್ನ ಬಳಿ ಉತ್ತರವಿರಲಿಲ್ಲ. ಹತ್ತು ನಿಮಿಷ ಹಾಗೆಯೇ ಕುಳಿತಿದ್ದ, ಎಡಗೆನ್ನೆಯ ಮೇಲಿನ ನೊರೆ ಒಣಗಿ ಬಿರಿಯಿತು. ಕೊನೆಗೆ ನಾನೇ ಒರೆಸಿದೆ. ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡು, ಮತ್ತೆ ಬರುತ್ತೇನೆ ಎಂದು ಹೋದ.

ಒಬ್ಬರಿಗೆ ಬಿಟ್ಟು ಇನ್ನೊಬ್ಬರಿಗೆ ಬಿಡದಿರುವುದು ಯಾವ ಲೆಕ್ಕ? ಬಲ್ಲವರು ಹೇಳಿ. ಗುರುವಾರದ ಒಳಗೆ ಅವನಿಗೆ ಏನಾದರೂ ಹೇಳಬೇಕು.

ದೇಶ ಮೊದಲು, ಬಸವಕಲ್ಯಾಣ

ದೇಶ ದೊಡ್ಡದೋ ಗಡ್ಡ ದೊಡ್ಡದೋ? ನಿಯಮ ಒಪ್ಪದವರು ಸೇರಬಾರದು, ಅಷ್ಟೇ. ಇದರಲ್ಲಿ ಚರ್ಚೆಗೆ ಏನಿದೆ?

ಉದಗೀರ ರಸ್ತೆಯ ಕತ್ತರಿ, ಬೀದರ್

ಅವನು ಸೇರುವುದಿಲ್ಲ ಎಂದು ಎಲ್ಲಿ ಹೇಳಿದ ಅಣ್ಣಾ? ಕುರ್ಚಿಯ ಮೇಲೆ ಬಂದು ಕುಳಿತವನು ಅವನೇ. ಒಂದು ಪ್ರಶ್ನೆ ಕೇಳಿದ. ಪ್ರಶ್ನೆ ಕೇಳಿದರೆ ದೇಶಕ್ಕೇನು ನಷ್ಟ?

ಕಪ್ಪು ಕೋಟು, ಕಲಬುರಗಿ

ಕತ್ತರಿ ಕಾಕಾ, ನಿಮ್ಮ ಪ್ರಶ್ನೆಗೆ ಸುಪ್ರೀಂ ಕೋರ್ಟೇ ಉತ್ತರ ಹೇಳಿದೆ. ಆ ಉತ್ತರ ನಿಮಗೆ ಹಿಡಿಸುತ್ತದೆಯೋ ಇಲ್ಲವೋ ಬೇರೆ ಮಾತು.

ವಾಯುಪಡೆಯ 1964ರ ನಿಯಮಾವಳಿಯಲ್ಲಿ 425 ಎಂಬ ಒಂದು ನಿಯಮವಿದೆ. ಯಾರ ಧರ್ಮ ಕೂದಲು ಕತ್ತರಿಸುವುದನ್ನು ಅಥವಾ ಮುಖಕ್ಷೌರವನ್ನು ನಿಷೇಧಿಸುತ್ತದೆಯೋ ಅವರನ್ನು ಬಿಟ್ಟು ಉಳಿದವರೆಲ್ಲ ಗಡ್ಡ ಬೋಳಿಸಬೇಕು ಎಂಬುದು ಅದರ ಸಾರ. ಇದರಲ್ಲಿ ಸಿಖ್ಖರ ಹೆಸರೂ ಇಲ್ಲ, ಮುಸ್ಲಿಮರ ಹೆಸರೂ ಇಲ್ಲ. ಇಡೀ ತಕರಾರು ನಿಂತಿರುವುದು "ನಿಷೇಧ" ಎಂಬ ಒಂದೇ ಪದದ ಮೇಲೆ.

ಗಡ್ಡ ಬಿಟ್ಟ ಕಾರಣಕ್ಕೆ 2008ರಲ್ಲಿ ಸೇವೆಯಿಂದ ಹೊರಬಿದ್ದ ಒಬ್ಬ ಮುಸ್ಲಿಂ ವಾಯುಯೋಧನ ಪ್ರಕರಣ ಸುಪ್ರೀಂ ಕೋರ್ಟ್ ತನಕ ಹೋಯಿತು. 2016ರ ಡಿಸೆಂಬರ್ 15ರಂದು ಮುಖ್ಯ ನ್ಯಾಯಮೂರ್ತಿ ಟಿ.ಎಸ್. ಠಾಕೂರ್ ಅವರ ಪೀಠ ತೀರ್ಪು ಕೊಟ್ಟಿತು. ನಿಮ್ಮ ಧರ್ಮದಲ್ಲಿ ಗಡ್ಡ ತೆಗೆಯುವುದಕ್ಕೆ ಖಚಿತವಾದ ನಿಷೇಧವಿದೆಯೇ ಎಂದು ಪೀಠ ಕೇಳಿತು. ಇದಕ್ಕೆ ಹಲವು ವ್ಯಾಖ್ಯಾನಗಳಿವೆ, ಗಡ್ಡ ಬಿಡುವುದು ಅಪೇಕ್ಷಣೀಯ ಎಂಬುದು ಅವುಗಳಲ್ಲೊಂದು ಎಂದು ಅರ್ಜಿದಾರರ ಪರ ವಕೀಲರು ಉತ್ತರಿಸಿದರು. ಪ್ರಕರಣ ಮುಗಿದದ್ದು ಅಲ್ಲಿಯೇ. ಅಪೇಕ್ಷಣೀಯವೇ ಬೇರೆ, ನಿಷೇಧವೇ ಬೇರೆ. ಹಾಗಾಗಿ ಕೂದಲು ಕತ್ತರಿಸುವುದೇ ನಿಷಿದ್ಧವಾದ ಸಿಖ್ಖರಿಗೆ ಸಿಕ್ಕ ವಿನಾಯಿತಿ ಇವರಿಗೆ ಸಿಗಲಿಲ್ಲ. ಪಡೆಯ ಒಗ್ಗಟ್ಟಿಗೂ ಶಿಸ್ತಿಗೂ ಏಕರೂಪದ ನೋಟ ಬೇಕು ಎಂಬುದನ್ನೂ ಪೀಠ ಒಪ್ಪಿತು. ಅಂದಹಾಗೆ, 2002ರ ಜನವರಿ 1ಕ್ಕೆ ಮೊದಲು ಗಡ್ಡದೊಂದಿಗೇ ಸೇರಿದ್ದ ಮುಸ್ಲಿಂ ಸಿಬ್ಬಂದಿಗೆ ಅದನ್ನು ಉಳಿಸಿಕೊಳ್ಳುವ ಅವಕಾಶವಿತ್ತು.

ಇನ್ನು ಸಂವಿಧಾನ. 25ನೇ ವಿಧಿ ಧರ್ಮಾಚರಣೆಯ ಹಕ್ಕು ಕೊಡುತ್ತದೆ. ಕಿರ್ಪಾನ್, ಅಂದರೆ ಸಣ್ಣ ಕತ್ತಿ, ಧರಿಸುವುದು ಸಿಖ್ ಧರ್ಮದ ಭಾಗ ಎಂದು ಅದರ ವಿವರಣೆಯಲ್ಲೇ ಬರೆದಿದೆ. 33ನೇ ವಿಧಿಯ ಪ್ರಕಾರ, ಸೇನೆಯಲ್ಲಿರುವವರಿಗೆ ಮೂಲಭೂತ ಹಕ್ಕುಗಳು ಎಷ್ಟರಮಟ್ಟಿಗೆ ಅನ್ವಯಿಸಬೇಕು ಎಂಬುದನ್ನು ಸಂಸತ್ತು ಕಾನೂನಿನ ಮೂಲಕ ನಿರ್ಧರಿಸಬಹುದು. ಮನೆಯಲ್ಲಿರುವ ಹಕ್ಕಷ್ಟೂ ಬ್ಯಾರಕ್‌ಗೆ ಬರುವುದಿಲ್ಲ.

ನನ್ನ ಸ್ವಂತ ಅಭಿಪ್ರಾಯ ಕೇಳಿದರೆ, ತೀರ್ಪಿನ ಫಲಿತಾಂಶದ ಬಗ್ಗೆ ನನಗೆ ತಕರಾರಿಲ್ಲ, ಅಲ್ಲಿಗೆ ತಲುಪಿದ ದಾರಿಯ ಬಗ್ಗೆ ಇದೆ. ಒಂದು ಧರ್ಮಕ್ಕೆ ಯಾವುದು ಅತ್ಯಗತ್ಯ ಎಂದು ನ್ಯಾಯಾಲಯ ಅಳೆಯುವ ಪದ್ಧತಿ 1954ರ ಶಿರೂರು ಮಠದ ಪ್ರಕರಣದಿಂದ ಬಂದದ್ದು. ಅಜ್ಜಿಯ ಮಾತು, ಊರಿನ ರೂಢಿ ಇವು ಆ ತಕ್ಕಡಿಯಲ್ಲಿ ತೂಗುವುದೇ ಇಲ್ಲ.

ಮಾಜಿ ಹವಾಲ್ದಾರ್, ಹುಮನಾಬಾದ್

ವಕೀಲ ಸಾಹೇಬರು ಕಾಗದದ ಮಾತು ಹೇಳಿದರು. ನಾನು ಬೂಟಿನ ಮಾತು ಹೇಳುತ್ತೇನೆ.

ವಿಷಾನಿಲದ ಮುಖವಾಡ ಹಾಕಿಸಿ ಮುಚ್ಚಿದ ಕೋಣೆಯೊಳಗೆ ನಿಲ್ಲಿಸುವ ಅಭ್ಯಾಸವೊಂದಿದೆ. ರಬ್ಬರಿನ ಅಂಚು ಚರ್ಮಕ್ಕೆ ಅಂಟಿಕೊಳ್ಳಬೇಕು, ನಡುವೆ ಕೂದಲಿದ್ದರೆ ಅನಿಲ ನುಸುಳುತ್ತದೆ. ಎರಡು ದಿನ ಕ್ಷೌರ ಮಾಡದೆ ಒಳಗೆ ಹೋಗಿ ಕಣ್ಣುಮೂಗಿನಲ್ಲಿ ನೀರು ಸುರಿಸಿಕೊಂಡು ಹೊರಬಂದವನು ನಾನು. ಹಾಗಾಗಿ ಇದು ಬರೀ ಅಧಿಕಾರಿಗಳ ಹಟ ಎನ್ನಲಾರೆ.

ಆದರೆ ನನ್ನ ಪಕ್ಕದ ಮಂಚದ ಸರ್ದಾರ್ ಗೆಳೆಯನೂ ಅದೇ ಕೋಣೆಗೆ ಹೋಗುತ್ತಿದ್ದ. ಬೆಳಿಗ್ಗೆ ನಮಗಿಂತ ಇಪ್ಪತ್ತು ನಿಮಿಷ ಮೊದಲೇ ಎದ್ದು ಗಡ್ಡಕ್ಕೆ ಬಟ್ಟೆ ಬಿಗಿದು, ಕೂದಲು ಬಾಚಿ ಗಂಟು ಹಾಕಿ, ಪಗಡಿಯ ಒಂದು ತುದಿಯನ್ನು ನನ್ನ ಕೈಗೆ ಕೊಡುತ್ತಿದ್ದ. ನಾನು ಎಳೆದು ಹಿಡಿಯಬೇಕು, ಅವನು ಮಡಿಕೆ ಹಾಕಬೇಕು. ನಾವು ಕೂದಲು ಕತ್ತರಿಸಿಕೊಂಡು ಆರಾಮಾಗಿದ್ದೆವು. ಅವನಿಗೆ ವಿನಾಯಿತಿ ಎಂದರೆ ದಿನವೂ ಒಂದು ಹೆಚ್ಚಿನ ಕೆಲಸ.

ಇನ್ನೊಂದು. ನಾನು ಲಿಂಗಾಯತ. ಕೊರಳಲ್ಲಿ ಇಷ್ಟಲಿಂಗ ಹಾಕಿಕೊಂಡೇ ಹೋದವನು. ಓಟದಲ್ಲಿ ಕರಡಿಗೆ ಎದೆಗೆ ಬಡಿಯುತ್ತದೆ, ಅದಕ್ಕೇ ಬನಿಯನ್ನಿನ ಒಳಗೆ ಬಟ್ಟೆಯಲ್ಲಿ ಸುತ್ತಿ ಕಟ್ಟಿಕೊಳ್ಳುತ್ತಿದ್ದೆ. ಯಾರೂ ಏನೂ ಅನ್ನಲಿಲ್ಲ. ಅಂಗಿಯೊಳಗೆ ಅಡಗುವ ಧರ್ಮಕ್ಕೆ ಸೇನೆಯಲ್ಲಿ ಅಷ್ಟು ಕಷ್ಟವಿಲ್ಲ, ಮುಖದ ಮೇಲೆ ಕಾಣುವ ಧರ್ಮಕ್ಕೆ ಕಷ್ಟ. ನಿಮ್ಮ ಹುಡುಗನ ಸಂಕಟ ನನಗೆ ಅರ್ಥವಾಗುತ್ತದೆ.

ನೌಕಾಪಡೆಯವರ ಅಳಿಯ, ಭಾಲ್ಕಿ

ನೌಕಾಪಡೆಯಲ್ಲಿ ಮೇಲಧಿಕಾರಿಯ ಅನುಮತಿ ಪಡೆದು ಯಾವ ಧರ್ಮದವರಾದರೂ ಗಡ್ಡ ಬಿಡಬಹುದು. ನಮ್ಮ ಮಾವನವರದು ಎದೆಯವರೆಗೆ ಇಲ್ಲದಿದ್ದರೂ ಫೋಟೊಗೆ ಒಪ್ಪುವಷ್ಟು ಇತ್ತು. ಹುಡುಗ ತಪ್ಪು ಪಡೆ ಆರಿಸಿಕೊಂಡ!

ದೇಶ ಮೊದಲು, ಬಸವಕಲ್ಯಾಣ

ಹಾಗಿದ್ದರೆ ಮುಖವಾಡದ ಕಥೆ ಎಲ್ಲಿ ಹೋಯಿತು ಹವಾಲ್ದಾರರೇ? ಹಡಗಿನಲ್ಲಿ ಬೆಂಕಿ ಬಿದ್ದರೆ ಅವರೂ ಮುಖವಾಡ ಹಾಕಬೇಕಲ್ಲ?

ಮಾಜಿ ಹವಾಲ್ದಾರ್, ಹುಮನಾಬಾದ್

ಒಳ್ಳೆಯ ಪ್ರಶ್ನೆ. ನಿಮ್ಮಿಂದ ಬಂತಲ್ಲ ಎಂದು ಇನ್ನೂ ಸಂತೋಷ. ನನ್ನ ಬಳಿ ಉತ್ತರವಿಲ್ಲ.

ಸುರಪುರದ ಮಾಸ್ತರ, ಯಾದಗಿರಿ ಜಿಲ್ಲೆ

ಈ ಗಡ್ಡದ ಜಗಳ 2016ರದ್ದಲ್ಲ, ಇನ್ನೂರು ವರ್ಷ ಹಳೆಯದು. 1805ರ ನವೆಂಬರ್‌ನಲ್ಲಿ ಮದ್ರಾಸ್ ಸೈನ್ಯದ ದಂಡನಾಯಕ ಸರ್ ಜಾನ್ ಕ್ರಾಡಕ್ ಹೊಸ ಆಜ್ಞೆ ತಂದ. ಸಿಪಾಯಿಗಳು ಗಡ್ಡ ಬೋಳಿಸಬೇಕು, ಮೀಸೆ ಒಂದೇ ಅಳತೆಗೆ ಕತ್ತರಿಸಬೇಕು, ಹಣೆಯ ಮೇಲೆ ನಾಮ ವಿಭೂತಿ ಇರಬಾರದು, ಹಳೆಯ ಮುಂಡಾಸಿನ ಬದಲು ಚರ್ಮದ ತುರಾಯಿಯಿದ್ದ ದುಂಡನೆಯ ಟೋಪಿ ಹಾಕಬೇಕು. ಒಂದೇ ಆಜ್ಞೆಯಲ್ಲಿ ಹಿಂದೂಗಳನ್ನೂ ಮುಸ್ಲಿಮರನ್ನೂ ಕೆಣಕಿದ್ದು ಅವನ ಸಾಧನೆ. 1806ರ ಜುಲೈ 10ರ ನಸುಕಿನಲ್ಲಿ ವೆಲ್ಲೂರಿನ ಕೋಟೆಯಲ್ಲಿ ದಂಗೆ ಎದ್ದಿತು. ಟಿಪ್ಪುವಿನ ಮಕ್ಕಳನ್ನು ಇರಿಸಿದ್ದೂ ಅದೇ ಕೋಟೆಯಲ್ಲಿ, ಹಾಗಾಗಿ ಟೋಪಿಯ ಸಿಟ್ಟಿಗೆ ರಾಜಕೀಯವೂ ಬೆರೆಯಿತು. ದಂಗೆಯನ್ನು ಕ್ರೂರವಾಗಿ ಅಡಗಿಸಿದರು, ಆದರೆ ಕ್ರಾಡಕ್‌ನನ್ನೂ ಗವರ್ನರ್ ಬೆಂಟಿಂಕ್‌ನನ್ನೂ ವಾಪಸು ಕರೆಸಿಕೊಂಡರು. ಅದೇ ಸಮಯದಲ್ಲಿ ಹೈದರಾಬಾದಿನ ಕಂಪನಿ ಪಡೆಯಲ್ಲೂ ಅಸಮಾಧಾನ ಕುದಿಯುತ್ತಿತ್ತು. ಅಲ್ಲಿನ ಕರ್ನಲ್ ಜಾಣ, ಆಜ್ಞೆಯನ್ನು ಹಿಂತೆಗೆದುಕೊಂಡು ಬೆಂಕಿ ಆರಿಸಿದ. ನಮ್ಮ ಭಾಗವೆಲ್ಲ ಆಗ ನಿಜಾಮನ ಸೀಮೆ ಎಂಬುದನ್ನು ನೆನಪಿಸುತ್ತೇನೆ.

ತಮಾಷೆ ಇರುವುದು ಮುಂದೆ. ಪಂಜಾಬ್ ಕೈವಶವಾದ ನಂತರ ಅದೇ ಬ್ರಿಟಿಷರು ಸಿಖ್ ಸಿಪಾಯಿಗಳು ಕೂದಲು ಕತ್ತರಿಸಲೇಬಾರದು, ಖಾಲ್ಸಾ ಎಂಬ ಸಿಖ್ ಪಂಥದ ದೀಕ್ಷೆ ಪಡೆದಿರಬೇಕು ಎಂದು ಪಟ್ಟು ಹಿಡಿದರು. ದಕ್ಷಿಣದಲ್ಲಿ ಗಡ್ಡ ಬೋಳಿಸಲು ಹೋಗಿ ಕೈ ಸುಟ್ಟುಕೊಂಡವರು ಉತ್ತರದಲ್ಲಿ ಗಡ್ಡ ಕಾಯುವವರಾದರು! ಇಂದು ನಾವು ಧರ್ಮದ ವಿನಾಯಿತಿ ಎನ್ನುವುದರಲ್ಲಿ ಧರ್ಮದ ಪಾಲೆಷ್ಟು, ಹಳೆಯ ಸರ್ಕಾರದ ಅನುಕೂಲದ ಪಾಲೆಷ್ಟು ಎಂದು ಯೋಚಿಸಿ.

ಜನವಾಡದ ಸಿಂಗ್

ಮಾಸ್ತರರೇ, ಅನುಕೂಲದ ಮಾತು ಒಪ್ಪುತ್ತೇನೆ, ಆದರೆ ಅರ್ಧ ಮಾತ್ರ. ಬ್ರಿಟಿಷರು ಬರುವ ಎಷ್ಟೋ ಮೊದಲೇ ಕೇಶ ನಮ್ಮ ತಲೆಯ ಮೇಲಿತ್ತು. ನಾನು ಹುಟ್ಟಿದ್ದು ಬೆಳೆದದ್ದು ಬೀದರಿನಲ್ಲೇ, ಮನೆಯಲ್ಲಿ ಪಂಜಾಬಿ, ಸಂತೆಯಲ್ಲಿ ಕನ್ನಡ.

ಕತ್ತರಿ ಕಾಕಾ, ನಿಮಗೆ ಒಂದು ವಿಷಯ ಹೇಳಬೇಕು, ನಿಮಗೆ ಗೊತ್ತಿರಲೂಬಹುದು. 1699ರ ಬೈಸಾಖಿಯಂದು ಆನಂದಪುರದಲ್ಲಿ ಗುರು ಗೋಬಿಂದ ಸಿಂಗರು ತಲೆ ಕೊಡುವವರು ಯಾರು ಎಂದು ಕೇಳಿದಾಗ ಎದ್ದು ನಿಂತ ಐವರಲ್ಲಿ ಒಬ್ಬರು ನಮ್ಮ ಬೀದರಿನವರು, ಸಾಹಿಬ್ ಚಂದ್. ಖಾಲ್ಸಾ ದೀಕ್ಷೆಯ ನಂತರ ಭಾಯಿ ಸಾಹಿಬ್ ಸಿಂಗ್. ಅವರ ಕುಲದ ಕಸುಬು ಕ್ಷೌರ. ಕೂದಲು ಕತ್ತರಿಸುವ ಮನೆಯಿಂದ ಹೋದವರು ಕೂದಲು ಕತ್ತರಿಸದ ಪಂಥದ ಮೊದಲಿಗರಾದರು. ಜನವಾಡಕ್ಕೆ ಬಂದರೆ ಅವರ ಹೆಸರಿನ ಗುರುದ್ವಾರ ತೋರಿಸುತ್ತೇನೆ.

ಇನ್ನು ಎಲ್ಲ ನಮಗೆ ಸಲೀಸಾಗಿದೆ ಎಂದುಕೊಳ್ಳಬೇಡಿ. 2023ರ ಜನವರಿಯಲ್ಲಿ ರಕ್ಷಣಾ ಸಚಿವಾಲಯ ಸಿಖ್ ಸೈನಿಕರಿಗಾಗಿ 12,730 ಗುಂಡುನಿರೋಧಕ ಹೆಲ್ಮೆಟ್ ಖರೀದಿಗೆ ಮುಂದಾಯಿತು, ಕೂದಲಿನ ಗಂಟಿಗೆ ಜಾಗವಿರುವಂಥವು. ನಮ್ಮ ಅತ್ಯುನ್ನತ ಧರ್ಮಪೀಠ ಅಕಾಲ್ ತಖ್ತ್ ಮತ್ತು ಗುರುದ್ವಾರಗಳನ್ನು ನೋಡಿಕೊಳ್ಳುವ ಶಿರೋಮಣಿ ಗುರುದ್ವಾರ ಪ್ರಬಂಧಕ ಸಮಿತಿ ಎರಡೂ ವಿರೋಧಿಸಿದವು. ಎರಡು ಮಹಾಯುದ್ಧಗಳಲ್ಲಿ ಪಗಡಿಯಲ್ಲೇ ಹೋರಾಡಿದೆವು, ಈಗೇಕೆ ಎಂಬುದು ವಾದ. ನಮ್ಮ ಮನೆಯಲ್ಲೇ ಎರಡು ಪಕ್ಷವಾಯಿತು. ನನ್ನ ತಂದೆ ಪಗಡಿಯ ಕಡೆ, ನಾನು ಹೆಲ್ಮೆಟ್ಟಿನ ಕಡೆ. ಗುಂಡಿಗೆ ಧರ್ಮ ಗೊತ್ತಿಲ್ಲ ಎಂದೆ, ಎರಡು ದಿನ ಅವರು ನನ್ನ ಜೊತೆ ಮಾತನಾಡಲಿಲ್ಲ.

ಯುದ್ಧವಿಮಾನ ಹಾರಿಸುವ ಸಿಖ್ಖರು ಹೆಲ್ಮೆಟ್ ಹಾಕುತ್ತಾರೆ, ಒಳಗೆ ಪಟ್ಕಾ ಎಂಬ ತೆಳ್ಳನೆಯ ತಲೆಬಟ್ಟೆ ಇರುತ್ತದೆ. ಮಾರ್ಷಲ್ ಅರ್ಜನ್ ಸಿಂಗ್ ಗಡ್ಡದೊಂದಿಗೇ ಹಾರಿದವರು, ಈಗಿನ ಪೀಳಿಗೆಯಲ್ಲಿ 2024ರಲ್ಲಿ ವಾಯುಪಡೆಯ ಮುಖ್ಯಸ್ಥರಾದ ಅಮರ್ ಪ್ರೀತ್ ಸಿಂಗ್ ಅವರೂ ಹಾಗೆಯೇ. ಗಡ್ಡವಿದ್ದರೆ ವಿಮಾನ ಹಾರುವುದಿಲ್ಲ ಎನ್ನುವವರಿಗೆ ಇಷ್ಟು ಸಾಕು. ಹುಡುಗನ ಪ್ರಶ್ನೆ ಸರಿಯಾದದ್ದೇ. ನನ್ನ ಗಡ್ಡ ಉಳಿಯಿತು ಎಂದು ಅವನದು ಹೋಗಲಿ ಎನ್ನಲು ನನಗೆ ಬಾಯಿ ಬರುವುದಿಲ್ಲ.

ತರಬೇತಿ ಅಕ್ಕ, ಯಾದಗಿರಿ

ನೀವೆಲ್ಲ ಗಡ್ಡದ ಸುತ್ತಲೇ ತಿರುಗುತ್ತಿದ್ದೀರಿ. ನಾನು ಪೊಲೀಸ್ ಮತ್ತು ಸೇನಾ ನೇಮಕಾತಿಗೆ ಹೆಣ್ಣುಮಕ್ಕಳನ್ನು ಓಡಿಸಿ ತಯಾರು ಮಾಡುವವಳು. ನಮ್ಮಲ್ಲಿ ಲಂಬಾಣಿ ತಾಂಡಾದಿಂದ ಬರುವ ಹುಡುಗಿಯೊಬ್ಬಳಿದ್ದಾಳೆ, ಸೇನಾ ಪೊಲೀಸ್ ವಿಭಾಗಕ್ಕೆ ಸೇರಬೇಕು ಎಂಬ ಆಸೆ. ಓಟದಲ್ಲಿ ಗಂಡುಹುಡುಗರ ಬೆವರಿಳಿಸುತ್ತಾಳೆ. ಆರು ವರ್ಷದವಳಿದ್ದಾಗ ಜಾತ್ರೆಯಲ್ಲಿ ಅಜ್ಜಿ ಅವಳ ಗದ್ದಕ್ಕೆ ಮೂರು ಚುಕ್ಕೆ, ಮೇಲ್ತೋಳಿಗೆ ಒಂದು ಬಳ್ಳಿ ಹಚ್ಚೆ ಹಾಕಿಸಿದ್ದಾಳೆ. ಹಚ್ಚೆ ಇಲ್ಲದೆ ಸತ್ತರೆ ಮೇಲೆ ಹೋಗುವಾಗ ಜೊತೆಗೆ ಏನೂ ಬರುವುದಿಲ್ಲ ಎಂಬುದು ಆ ಅಜ್ಜಿಯ ನಂಬಿಕೆ.

ಸೇನೆ ಒಪ್ಪುವುದು ಮುಂಗೈಯ ಒಳಭಾಗ ಮತ್ತು ಅಂಗೈಯ ಹಿಂಭಾಗದ ಹಚ್ಚೆಯನ್ನು ಮಾತ್ರ. ಸಂಪ್ರದಾಯದಂತೆ ಹಾಕಿಸಿಕೊಂಡ ಬುಡಕಟ್ಟಿನವರಿಗೆ ವಿನಾಯಿತಿ ಇದೆ. ಆದರೆ ಕರ್ನಾಟಕದಲ್ಲಿ ಲಂಬಾಣಿಗಳು ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿದ್ದಾರೆ, ಪಂಗಡದ ಪಟ್ಟಿಯಲ್ಲಿಲ್ಲ. ಗಡಿ ದಾಟಿ ತೆಲಂಗಾಣಕ್ಕೆ ಹೋದರೆ ಅದೇ ಜನ ಪರಿಶಿಷ್ಟ ಪಂಗಡ. ಅದೇ ಚುಕ್ಕೆ, ಅದೇ ಅಜ್ಜಿ. ವಕೀಲರೇ, ಇವಳಿಗೆ ಏನು ಹೇಳಲಿ?

ಕಪ್ಪು ಕೋಟು, ಕಲಬುರಗಿ

ತಂಗಿ, ಅರ್ಜಿ ಹಾಕುವಾಗಲೇ ಹಚ್ಚೆಯ ಫೋಟೊ ಮತ್ತು ಸಮುದಾಯದ ಪ್ರಮಾಣಪತ್ರ ಜೊತೆಗಿಡಲು ಹೇಳಿ, ಮುಚ್ಚಿಡಬಾರದು. ವೈದ್ಯಕೀಯ ಪರೀಕ್ಷೆಯ ದಿನ ಗೊತ್ತಾದರೆ ವಾದಕ್ಕೂ ಜಾಗವಿರುವುದಿಲ್ಲ. ಗೆಲ್ಲುತ್ತಾಳೆ ಎಂದು ಸುಳ್ಳು ಭರವಸೆ ಕೊಡಲಾರೆ.

ಜೇವರ್ಗಿಯ ಹುಡುಗ

ಹಿಜಾಬ್ ತೀರ್ಪಿನ ಬಗ್ಗೆ ಯಾರೂ ಏಕೆ ಬಾಯಿ ಬಿಡುತ್ತಿಲ್ಲ? ಭಯವೇ?

ನಿರ್ವಾಹಕರು

ಭಯವಲ್ಲ, ಅನುಭವ. ಆ ವಿಷಯ ಎತ್ತಿದ ಹಿಂದಿನ ಮೂರು ಚರ್ಚೆಗಳನ್ನು ಬೈಗುಳದಿಂದಾಗಿ ಮುಚ್ಚಬೇಕಾಯಿತು. ಶಾಲೆ ಬೇರೆ, ಸೇನೆ ಬೇರೆ. ಹೋಲಿಸುವುದಾದರೆ ಕಾನೂನಿನ ಮಾತು ಮಾತ್ರ.

ಕಪ್ಪು ಕೋಟು, ಕಲಬುರಗಿ

ಕಾನೂನಿನ ಮಾತು ಎರಡೇ ಸಾಲು. 2022ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಅದರಲ್ಲಿ ಭಿನ್ನ ತೀರ್ಪು ಕೊಟ್ಟರು. ಅಲ್ಲಿ 33ನೇ ವಿಧಿ ಇರಲಿಲ್ಲ, ಇಲ್ಲಿ ಇದೆ. 2025ರ ಏಪ್ರಿಲ್‌ನಲ್ಲಿ ಬೀದರಿನಲ್ಲೇ ಸಿಇಟಿ ಪರೀಕ್ಷೆಗೆ ಬಂದ ಹುಡುಗನಿಗೆ ಜನಿವಾರ ತೆಗೆ ಎಂದದ್ದು ನೆನಪಿದೆಯೇ? ಅಂದು ಕೂಗಾಡಿದವರಲ್ಲಿ ಎಷ್ಟೋ ಜನ ಇಂದು ನಿಯಮ ಎಂದರೆ ನಿಯಮ ಎನ್ನುತ್ತಿದ್ದಾರೆ. ಅಂದು ನಿಯಮ ನಿಯಮ ಎಂದವರು ಇಂದು ಹಕ್ಕಿನ ಮಾತನಾಡುತ್ತಿದ್ದಾರೆ. ನಾನು ಯಾರ ಹೆಸರನ್ನೂ ಹೇಳುವುದಿಲ್ಲ, ಬಸವಕಲ್ಯಾಣದವರ ಹೆಸರನ್ನಂತೂ ಇಲ್ಲವೇ ಇಲ್ಲ.

ಪೊಲೀಸ್ ಇಲಾಖೆಯ ಲೆಕ್ಕವೂ ಬೇರೆ. ಮುಸ್ಲಿಂ ಪೊಲೀಸರು ಗಡ್ಡ ಬಿಡಬಹುದು ಎಂಬ 1957ರ ಮದ್ರಾಸ್ ಪೊಲೀಸ್ ಗೆಜೆಟ್ ಆದೇಶವನ್ನು ಮದ್ರಾಸ್ ಹೈಕೋರ್ಟ್ 2024ರಲ್ಲಿ ಎತ್ತಿಹಿಡಿಯಿತು.

ದೇಶ ಮೊದಲು, ಬಸವಕಲ್ಯಾಣ

ಜನಿವಾರದ ವಿಷಯ ಬೇರೆ. ಅದು ಬಟ್ಟೆಯೊಳಗೆ ಇರುತ್ತದೆ.

ಮಾಜಿ ಹವಾಲ್ದಾರ್, ಹುಮನಾಬಾದ್

ನಾನು ಹೇಳಿದ್ದೂ ಅದನ್ನೇ.

ಆಳಂದದಿಂದ ಅಮೆರಿಕಕ್ಕೆ

ಇಲ್ಲಿ ಈ ಜಗಳ ಬಹಳ ಮುಂದೆ ಹೋಗಿ ಈಗ ಹಿಂದಕ್ಕೆ ಬರುತ್ತಿದೆ. ಇಲ್ಲಿನ ವಾಯುಪಡೆಯ ಆಸ್ಪತ್ರೆಯಲ್ಲಿ ಮನಃಶಾಸ್ತ್ರಜ್ಞನಾಗಿದ್ದ ಒಬ್ಬ ಯಹೂದಿ ಅಧಿಕಾರಿ ತಲೆಯ ಮೇಲೆ ತಮ್ಮ ಧರ್ಮದ ಪುಟ್ಟ ಟೋಪಿ ಹಾಕುತ್ತಿದ್ದರು, ಮೇಲಿನವರು ಬೇಡ ಎಂದರು, ಇವರು ಕೋರ್ಟಿಗೆ ಹೋದರು. 1986ರಲ್ಲಿ ಐದಕ್ಕೆ ನಾಲ್ಕು ಮತಗಳಿಂದ ಸೋತರು. ಮರುವರ್ಷವೇ ಅಮೆರಿಕದ ಸಂಸತ್ತು, ನೀಟಾಗಿರುವ ಧಾರ್ಮಿಕ ಉಡುಪಿಗೆ ಸಮವಸ್ತ್ರದ ಜೊತೆ ಅವಕಾಶವಿರಲಿ ಎಂದು ಕಾನೂನು ಮಾಡಿತು. 2017ರಲ್ಲಿ ಭೂಸೇನೆ ಸಿಖ್ಖರ ಗಡ್ಡ ಪಗಡಿಗೂ ಮುಸ್ಲಿಂ ಮಹಿಳೆಯರ ಹಿಜಾಬಿಗೂ ಅನುಮತಿ ಕೊಡುವ ಅಧಿಕಾರವನ್ನು ಬ್ರಿಗೇಡ್ ಮಟ್ಟಕ್ಕೆ ಇಳಿಸಿತು. ಈಗ 2025ರ ಸೆಪ್ಟೆಂಬರ್ 30ರಂದು ರಕ್ಷಣಾ ಇಲಾಖೆಯ ಮುಖ್ಯಸ್ಥ ಪೀಟ್ ಹೆಗ್ಸೆತ್ ಸೇನಾಧಿಕಾರಿಗಳನ್ನೆಲ್ಲ ಸೇರಿಸಿ ಗಡ್ಡದ ಕಾಲ ಮುಗಿಯಿತು ಎಂದರು, 2010ಕ್ಕೆ ಹಿಂದಿನ ಮಾನದಂಡಕ್ಕೆ ಮರಳುವ ಆದೇಶವೂ ಬಂತು.

ಇದಕ್ಕೆ ತದ್ವಿರುದ್ಧವಾಗಿ ಬ್ರಿಟನ್ನಿನ ಭೂಸೇನೆ 2024ರ ಮಾರ್ಚ್‌ನಲ್ಲಿ ಎಲ್ಲರಿಗೂ ಗಡ್ಡ ಬಿಡಲು ಅವಕಾಶ ಕೊಟ್ಟಿತು, ಧರ್ಮದ ಮಾತೇ ಇಲ್ಲ. ಕ್ರಾಡಕ್‌ನ ಊರಿನವರೇ ಮಾಸ್ತರರೇ! ನನಗೆ ಅದೇ ಸರಿ ಎನಿಸುತ್ತದೆ. ಎಲ್ಲರಿಗೂ ಒಂದು ಅಳತೆ ಕೊಟ್ಟರೆ ಯಾರ ಧರ್ಮದಲ್ಲಿ ಏನಿದೆ ಎಂದು ಯಾರೂ ಹುಡುಕಬೇಕಾಗಿಲ್ಲ. ನಮ್ಮ ನೌಕಾಪಡೆ ಮಾಡುತ್ತಿರುವುದೂ ಅದನ್ನೇ ಅಲ್ಲವೇ?

ಮಾಜಿ ಹವಾಲ್ದಾರ್, ಹುಮನಾಬಾದ್

ಹಾಗೆ ಸುಲಭವಾಗಿ ಮುಗಿಯುವುದಿಲ್ಲ ತಮ್ಮಾ. ಮುಖದ ಕೂದಲಿಗೆ ಅಳತೆ ಕೊಡಬಹುದು, ಮನಸ್ಸಿಗೆ? ರೆಜಿಮೆಂಟಿನ ಮಂದಿರದ ಗರ್ಭಗುಡಿಯೊಳಗೆ ಹೋಗಲಾರೆ ಎಂದ ಕ್ರೈಸ್ತ ಅಧಿಕಾರಿಯೊಬ್ಬರನ್ನು ಸೇವೆಯಿಂದ ವಜಾ ಮಾಡಿದರು. 2025ರಲ್ಲಿ ದೆಹಲಿ ಹೈಕೋರ್ಟೂ ಆಮೇಲೆ ಸುಪ್ರೀಂ ಕೋರ್ಟೂ ಅದನ್ನು ಸರಿ ಎಂದವು. ಹೊರಗೆ ನಿಂತು ಕೈ ಮುಗಿಯುತ್ತೇನೆ ಎಂಬುದು ಅವರ ಮಾತು, ಜವಾನರ ಜೊತೆ ಒಳಗೆ ಬರದವನು ನಾಯಕನೇ ಎಂಬುದು ಸೇನೆಯ ಮಾತು. ನಾನು ಸರ್ವಧರ್ಮ ಸ್ಥಳದಲ್ಲಿ ಎಲ್ಲ ದೇವರಿಗೂ ಕೈ ಮುಗಿದವನು, ನನಗೆ ಕಷ್ಟವಾಗಲಿಲ್ಲ. ನನಗೆ ಕಷ್ಟವಾಗಲಿಲ್ಲ ಎಂದ ಮಾತ್ರಕ್ಕೆ ಅವರಿಗೂ ಆಗಬಾರದು ಎನ್ನಲು ನಾನು ಯಾರು? ಆದರೆ ಗುಂಡು ಹಾರುವಾಗ ಅಧಿಕಾರಿ ಜೊತೆಗಿರುತ್ತಾನೆ ಎಂಬ ನಂಬಿಕೆ ಹುಟ್ಟುವುದು ಇಂಥ ಕಡೆಯೇ ಎಂಬುದೂ ನಿಜ. ರಾತ್ರಿಯೆಲ್ಲ ಇದನ್ನೇ ಯೋಚಿಸಿ ನಿದ್ದೆ ಕೆಟ್ಟಿತು, ನಿಮ್ಮೆಲ್ಲರ ದಯೆ.

ಉದಗೀರ ರಸ್ತೆಯ ಕತ್ತರಿ, ಬೀದರ್

ಹುಡುಗ ಬುಧವಾರ ರಾತ್ರಿಯೇ ಬಂದ. ವಕೀಲರು ಬರೆದದ್ದನ್ನು ಓದಿ ಹೇಳಿದೆ. "ಅಂದರೆ ನನ್ನ ವಕೀಲ ಬೇಕೇಬೇಕು ಎನ್ನುವ ಬದಲು ಇದ್ದರೆ ಒಳ್ಳೆಯದು ಎಂದುಬಿಟ್ಟ" ಎಂದು ನಕ್ಕ. ಜನವಾಡದವರ ಮಾತನ್ನು ಎರಡು ಸಲ ಓದಿಸಿಕೊಂಡ. ಅವನ ಅಜ್ಜಿಯೂ ಜೊತೆಗೆ ಬಂದಿದ್ದರು. ಆಕೆ ಬಾಗಿಲಲ್ಲೇ ನಿಂತು, "ತೆಗೆಯಪ್ಪಾ, ನಾಲ್ಕು ವರ್ಷದ ಮೇಲೆ ಮತ್ತೆ ಬೆಳೆಯುತ್ತದೆ, ನೌಕರಿ ಬೆಳೆಯುವುದಿಲ್ಲ" ಎಂದರು. ಎಡಗೆನ್ನೆಯನ್ನೂ ಮುಗಿಸಿದೆ. ದುಡ್ಡು ತೆಗೆದುಕೊಳ್ಳಲಿಲ್ಲ. ಗಡ್ಡವಿದ್ದ ಜಾಗ ಬೆಳ್ಳಗೆ, ಉಳಿದ ಮುಖ ಕಪ್ಪಗೆ. ಬಿಸಿಲಲ್ಲಿ ಓಡಿದ ಗುರುತು. ಗುರುವಾರದ ಬಸ್ಸಿಗೆ ಹೋದ.

ತರಬೇತಿ ಅಕ್ಕ, ಯಾದಗಿರಿ

ಅಜ್ಜಿಯಂದಿರು ಕಟ್ಟುವುದಕ್ಕೂ ಬಿಚ್ಚುವುದಕ್ಕೂ ಸಮರ್ಥರು.

ಉದಗೀರ ರಸ್ತೆಯ ಕತ್ತರಿ, ಬೀದರ್

ಹಳೆಯ ಚರ್ಚೆ, ಆದರೂ ಬರೆಯುತ್ತಿದ್ದೇನೆ. ಐದು ವಾರವಾದ ಮೇಲೆ ಈ ಭಾನುವಾರ ಹುಡುಗ ಫೋನ್ ಮಾಡಿದ್ದ. ಗದ್ದದ ಕೆಳಗೆ ಕೂದಲು ಚರ್ಮದೊಳಗೇ ತಿರುಗಿ ಬೆಳೆದು ಗುಳ್ಳೆಯಾಗಿವೆಯಂತೆ, ದಿನವೂ ಕ್ಷೌರ ಮಾಡಲೇಬೇಕು, ಏನು ಮಾಡಲಿ ಕಾಕಾ ಎಂದ. ಗಡ್ಡದ ಬಗ್ಗೆ ಅವನೂ ಕೇಳಲಿಲ್ಲ, ನಾನೂ ಎತ್ತಲಿಲ್ಲ. ಮೊದಲು ಬಿಸಿನೀರಿನ ಬಟ್ಟೆ ಎರಡು ನಿಮಿಷ ಇಟ್ಟುಕೋ, ಕೂದಲು ಬೆಳೆದ ದಿಕ್ಕಿನಲ್ಲೇ ಎಳೆ, ಎದುರು ಎಳೆಯಬೇಡ, ಚರ್ಮ ಹಿಗ್ಗಿಸಬೇಡ, ಒಂದೇ ಬ್ಲೇಡನ್ನು ವಾರಗಟ್ಟಲೆ ಉಪಯೋಗಿಸಬೇಡ, ಆದರೂ ಕಡಿಮೆಯಾಗದಿದ್ದರೆ ಅಲ್ಲಿನ ವೈದ್ಯರಿಗೆ ತೋರಿಸು ಎಂದೆ. ಹವಾಲ್ದಾರರೇ, ಅಲ್ಲಿ ಬೆಳಿಗ್ಗೆ ಬಿಸಿನೀರು ಸಿಗುತ್ತದೆಯೇ? ಅದನ್ನು ಕೇಳಲು ಮರೆತೆ.

ಮಾಜಿ ಹವಾಲ್ದಾರ್, ಹುಮನಾಬಾದ್

ನಮ್ಮ ಕಾಲದಲ್ಲಿ ಅಡುಗೆಮನೆಯವರ ಸ್ನೇಹವಿದ್ದರೆ ಒಂದು ಮಗ್ಗು ಸಿಗುತ್ತಿತ್ತು. ಸ್ನೇಹ ಮಾಡಿಕೊಳ್ಳಲು ಹೇಳಿ.